ಹಾಜಿ ಅಲಿ ಹತ್ತಿರದ ಸೋಬೋ ಸೆಂಟ್ರಲ್: ಮೊದಲು ಅಲ್ಲಿ ಏನಿತ್ತು?

ಧಾರವಾಡದ_ಹುಡುಗಿ:
ನಂದು ಮುಂಬೈನ ಮಹಾಲಕ್ಷ್ಮಿಯೊಳಗ ಕೆಲಸ. ದಿನಾ ಹಾಜಿ ಅಲಿ ದಾಟಿ ಹೋಗ್ತೀನಿ. ತಾರ್‌ದೇವ್ ಕಡೆ ಹೊಳ್ಳಿದ ಕೂಡಲೇ ಅಷ್ಟು ದೊಡ್ಡ ಮಾಲ್ ಬಾಗ್ಲಾ ಹಾಕ್ಕೊಂಡು ನಿಂತೈತಿ. ಇಂಥಾ ಜಾಗದಾಗ ಖಾಲಿ ಕಟ್ಟಡ ಅಂದ್ರ ಹ್ಯಾಂಗ? ನಮ್ಮ ಪಿಜಿ ಆಂಟಿ "ಮುಂಬೈನ ಮೊದಲನೇ ಮಾಲ್ ಅದು, ಒಳಗ ಹೋಗಾಕ ರೊಕ್ಕ ಕೊಡಬೇಕಿತ್ತು" ಅಂತಾರ. ಖರೇನಾ?

ಪೊವಾಯಿ_ಪುಟ್ಟ:
ಖರೆ. 60 ರೂಪಾಯಿ. ಮೊಬೈಲೋ ಕ್ರೆಡಿಟ್ ಕಾರ್ಡೋ ತೋರಿಸಿದ್ರೆ ಫ್ರೀ.

ಗಲ್ಲಾದ_ಮಾಣಿ:
ಮಾವನ ಹೋಟ್ಲು ತಾರ್‌ದೇವ್‌ನಲ್ಲೇ ಇತ್ತು, ಗಲ್ಲಾದಲ್ಲಿ ಕೂತವ ನಾನು. ಸ್ವಲ್ಪ ಉದ್ದ ಬರೀತೇನೆ.

ಅದು ಮೊದಲು ರೋಶ್ ಔಷಧ ಕಂಪನಿಯ ಜಾಗ. 1993ರಲ್ಲಿ ಪಿರಾಮಲ್‌ನವರು ರೋಶ್‌ನ ಇಲ್ಲಿನ ಕಂಪನಿ ತಗೊಂಡ್ರು, ಜಾಗವೂ ಜೊತೆಗೇ ಬಂತು. 1999ರಲ್ಲಿ ಅಲ್ಲಿ ಕ್ರಾಸ್‌ರೋಡ್ಸ್ ಮಾಲ್ ಶುರುವಾಯ್ತು. ಜನ ಮುಗಿಬಿದ್ರು ಮಾರಾಯ್ರೆ! ಎಸ್ಕಲೇಟರ್ ಹತ್ತಿ ಇಳಿಯೋದು, ಎಸಿಯಲ್ಲಿ ತಿರುಗೋದು, ಖರೀದಿ ಮಾತ್ರ ಸೊನ್ನೆ. ಆ 60 ರೂಪಾಯಿ ನಿಯಮ ಅದಕ್ಕೇ. ಆಗ ಮೊಬೈಲಿಗೆ ಬರುವ ಕರೆಗೂ ದುಡ್ಡು ಕೊಡ್ಬೇಕಿತ್ತು. ಮೊಬೈಲ್ ಉಂಟು ಅಂದ್ರೆ ಆಸಾಮಿ ದೊಡ್ಡ ಕುಳ ಅಂತ ಲೆಕ್ಕ. ನಮ್ಮ ಕ್ಲೀನರ್ ಹುಡುಗ ರಜೆ ದಿನ ಮಾವನ ನೋಕಿಯಾ ಕೇಳಿ ಪಡೆದು, ಶರ್ಟಿನ ಜೇಬಲ್ಲಿ ಕಾಣುವ ಹಾಗೆ ಇಟ್ಕೊಂಡು ರಾಜನ ಹಾಗೆ ಹೋಗಿ ಬಂದ. ಬೈಗುಳ ಜಾಸ್ತಿಯಾಗಿ ನಿಯಮ ಕೈಬಿಟ್ರು.

ಹಿಂದಿನ ಗೇಟಿಗೆ ನಮ್ಮದೇ ಇಡ್ಲಿ-ವಡೆ ಪಾರ್ಸಲ್. ಯೂನಿಫಾರ್ಮಿಗೆ ಸಾಂಬಾರ್ ಬಿದ್ದೀತು ಅಂತ ಸೇಲ್ಸ್ ಹುಡುಗಿಯರು ಬರೀ ಚಟ್ನಿ ಕೇಳ್ತಿದ್ರು, ಅದೂ ಗಟ್ಟಿ ಚಟ್ನಿ. ಅಂಗಡಿಗೊಂದು ಖಾತೆ ಇತ್ತು. ಆಮೇಲೆ ಕಟ್ಟಡ ಬಿಗ್ ಬಜಾರಿನ ಫ್ಯೂಚರ್ ಗ್ರೂಪ್ ಕೈಗೆ ಹೋಗಿ ಸೋಬೋ ಸೆಂಟ್ರಲ್ ಆಯ್ತು, ಸೋಬೋ ಅಂದ್ರೆ ಸೌತ್ ಬಾಂಬೆ. 2004ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ್ರಲ್ಲ ಸೆಂಟ್ರಲ್, ಅದೇ. ಅವರದ್ದು ಬೇರೆ ಪದ್ಧತಿ: ದೊಡ್ಡದೊಂದು ಅಂಗಡಿ, ಒಳಗೆ ಬ್ರ್ಯಾಂಡಿಗೊಂದು ಕೌಂಟರ್. ನನ್ನ ಪುಸ್ತಕದಲ್ಲಿ ಖಾತೆಗಳು ಒಂದೊಂದೇ ಮುಚ್ಚಿದ್ದು ಆಗ.

ಅಷ್ಟರಲ್ಲಿ ಲೋವರ್ ಪರೇಲಿನ ಫೀನಿಕ್ಸ್ ಮಾಲ್ ಎದ್ದು ನಿಂತಿತ್ತು. 1905ರ ಮಿಲ್ಲಿನ ಜಾಗ, ಬೇಕಾದಷ್ಟು ವಿಸ್ತಾರ, ಸಿನೆಮಾ, ಊಟ, ಬೌಲಿಂಗ್ ಎಲ್ಲ ಉಂಟು. ಕಾರಿದ್ದವರು ಅತ್ತ ಹೋದ್ರು. ನನ್ನ ಕೇಳಿದ್ರೆ ಕ್ರಾಸ್‌ರೋಡ್ಸ್ ಕಟ್ಟಿದ್ದೇ ಸಣ್ಣದು. ಕೊನೆಗೆ ಫ್ಯೂಚರ್ ಗ್ರೂಪೇ ಸಾಲದಲ್ಲಿ ಮುಳುಗಿತು. 2024ರಲ್ಲಿ ಈ ಮಾಲನ್ನು ಕೆ. ರಹೇಜಾ ಕಾರ್ಪ್‌ನವರು 476 ಕೋಟಿಗೆ ತಗೊಂಡ್ರು.

ಮುಲುಂಡ್_ಮಂಜ:
ಅಣ್ಣ, ಒಬ್ಬನೇ ಮಾಲೀಕ ಇದ್ದದ್ದಕ್ಕೆ ಮಾರಾಟವಾದರೂ ಆಯ್ತು. ನಮ್ಮ ಕಡೆ ಭಾಂಡುಪ್‌ನ ಡ್ರೀಮ್ಸ್ ಮಾಲ್ ನೋಡಿ. ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿ ನೂರಾರು ಮಾಲೀಕರು. ಮೆಟ್ಟಿಲ ದೀಪ ಹಾಕ್ಸೋದಕ್ಕೂ ಯಾರನ್ನ ಹಿಡೀತೀರಿ? 2021ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಮೇಲಿನ ಆಸ್ಪತ್ರೆಯ ರೋಗಿಗಳು ಸತ್ತರು.

ಧಾರವಾಡದ_ಹುಡುಗಿ:
ಅಯ್ಯ, ಅದು ಗೊತ್ತಿರಲಿಲ್ಲ. ಗಲ್ಲಾದ ಅಣ್ಣಾರ, ರಹೇಜಾ ಅಂದ್ರ ಶಾಪರ್ಸ್ ಸ್ಟಾಪ್ ಅನ್ನೋ ದೊಡ್ಡ ಬಟ್ಟಿ ಅಂಗಡಿಯವರೇನು? ಮತ್ತ ಅಲ್ಲೇ ಬಾಜೂಕ ಹೀರಾ ಪನ್ನಾ ಶಾಪಿಂಗ್ ಸೆಂಟರ್ ಇನ್ನೂ ಹ್ಯಾಂಗ ನಡದೈತಿ?

ಗಲ್ಲಾದ_ಮಾಣಿ:
ಹೌದು ತಂಗಿ, 1991ರಲ್ಲಿ ಅಂಧೇರಿಯಲ್ಲಿ ಶುರು ಮಾಡಿದವರು ಅವರೇ. ದೊಡ್ಡ ಅಂಗಡಿ ಬಂದ್ರೆ ಜನ ಬರ್ತಾರೆ ಅಂತ ಮಾಲಿನವರು ಅಂಥವರಿಗೆ ಚದರಡಿಗೆ ಕಮ್ಮಿ ಬಾಡಿಗೆ ಹಾಕ್ತಾರೆ, ಸಣ್ಣವರಿಂದ ವಸೂಲಿ ಮಾಡ್ತಾರೆ. ದೊಡ್ಡವ ಹೋದ್ರೆ ಸಣ್ಣವನಿಗೆ ಬಾಡಿಗೆ ಹುಟ್ಟುವುದಿಲ್ಲ.

ಹೀರಾ ಪನ್ನಾಗೆ ತಿರುಗಾಡಲಿಕ್ಕೆ ಯಾರು ಹೋಗ್ತಾರೆ? ಸೆಂಟ್ ಬೇಕು, ವಾಚ್ ಬೇಕು ಅಂತ ಹೋಗುವವರು ತಗೊಂಡೇ ಬರ್ತಾರೆ. ನೀವು ಹೋದ್ರೆ ಅವ ಹೇಳಿದ ರೇಟಿನ ಅರ್ಧದಿಂದ ಶುರು ಮಾಡಿ.