ಸಹಾಯ ಬೇಕು: ಸ್ಪಿತಿಯ ಕಲ್ಲುದಾರಿಗೆ ಈಗಿರುವ ಸೈಕಲ್ ಸಾಕೇ?

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿನಲ್ಲಿ ಹಿಮಾಚಲದ ಗ್ರಾಂಫೂವಿನಿಂದ ಛತ್ರು, ಬಾತಲ್, ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಪಾಸ್ ಮತ್ತು ಲೋಸರ್ ಮೂಲಕ ಸ್ಪಿತಿ ಕಣಿವೆಯ ಕಾಜಾವರೆಗೆ ಟೆಂಟು, ಒಲೆಗಳನ್ನು ಹೊತ್ತು ಸೈಕಲ್ಲಿನಲ್ಲಿ ಹೋಗಬೇಕೆಂಬುದು ನನ್ನ ಬಹುದಿನಗಳ ಆಸೆ.

ನನ್ನಲ್ಲಿರುವುದು 40 ಮಿ.ಮೀ. ಟೈರಿನ ಗ್ರಾವೆಲ್ ಸೈಕಲ್ (ಜಲ್ಲಿ, ಮಣ್ಣಿನ ದಾರಿಗಳಲ್ಲೂ ಓಡಿಸಬಹುದಾದ ಸೈಕಲ್). ಇದರ ಫ್ರೇಮಿನಲ್ಲಿ 45 ಮಿ.ಮೀ.ಗಿಂತ ಅಗಲದ ಟೈರು ಕೂರುವುದಿಲ್ಲ. ಪರೀಕ್ಷೆಗೆಂದು ಕಳೆದ ತಿಂಗಳು 12 ಕೆ.ಜಿ. ಸಾಮಾನು ಕಟ್ಟಿಕೊಂಡು ಸಕಲೇಶಪುರದ ಬಳಿಯ ತೋಟದ ರಸ್ತೆಗಳಲ್ಲಿ ಎರಡು ದಿನ ಓಡಿಸಿದೆ. ಇಳಿಜಾರಿನಲ್ಲಿ ಹಿಂಚಕ್ರ ಎರಡು ಬಾರಿ ಪಂಕ್ಚರ್ ಆಯಿತು. ಟ್ಯೂಬು ಬಿಚ್ಚಿ ನೋಡಿದರೆ ಹಾವು ಕಚ್ಚಿದಂತೆ ಅಕ್ಕಪಕ್ಕದಲ್ಲಿ ಎರಡು ಸೀಳುಗಳಿದ್ದವು. ಅಂದರೆ ಮುಳ್ಳು ಚುಚ್ಚಿದ್ದಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಜಜ್ಜಿಹೋಗಿತ್ತು. ಗಾಳಿ ಹೆಚ್ಚಿಸಿದಾಗ ಪಂಕ್ಚರ್ ನಿಂತಿತು, ಆದರೆ ಜಲ್ಲಿಯ ಮೇಲೆ ಚಕ್ರ ಜಾರತೊಡಗಿತು, ಸಂಜೆಯ ಹೊತ್ತಿಗೆ ಅಂಗೈಗಳು ಮರಗಟ್ಟಿದ್ದವು. ಹಿಂದಿನ ಕ್ಯಾರಿಯರಿನ ಭಾರವನ್ನು ಮುಂದಿನ ಫೋರ್ಕಿಗೂ ಹಂಚಿದ ಮೇಲೆ ಏರಿನಲ್ಲಿ ಹ್ಯಾಂಡಲ್ ಹಿಡಿತಕ್ಕೆ ಬಂತು, ಹಾಗಾಗಿ ಸಾಮಾನಿನ ವಿಷಯದಲ್ಲಿ ನನಗೆ ಗೊಂದಲವಿಲ್ಲ.

ಗೊಂದಲವಿರುವುದು ಟೈರಿನ ವಿಷಯದಲ್ಲಿ. ಇದೇ ಸೈಕಲ್ಲಿಗೆ 45 ಮಿ.ಮೀ. ಟ್ಯೂಬ್‌ಲೆಸ್ ಹಾಕಿಸಿದರೆ ಖರ್ಚು ಕಡಿಮೆ. ಇದನ್ನು ಮಾರಿ 2.25 ಇಂಚಿನ ಟೈರಿರುವ, ಮುಂಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಕೊಂಡರೆ ಕಲ್ಲಿನ ಹೊಡೆತ ತಗ್ಗುತ್ತದೆ, ಆದರೆ ಅದರ ಸಸ್ಪೆನ್ಷನ್ ಫೋರ್ಕಿನಲ್ಲಿ ಸಾಮಾನ್ಯವಾಗಿ ಚೀಲ ಕಟ್ಟಲು ಬೋಲ್ಟಿನ ಜಾಗವಿರುವುದಿಲ್ಲ.

ಈ ದಾರಿಯಲ್ಲಿ ಸಾಮಾನು ಹೊತ್ತು ಹೋಗಿಬಂದವರು ದಯವಿಟ್ಟು ತಿಳಿಸಿ: ಗ್ರಾಂಫೂವಿನಿಂದ ಲೋಸರ್‌ವರೆಗಿನ ಕಲ್ಲುಗಳಿಗೆ 45 ಮಿ.ಮೀ. ಟ್ಯೂಬ್‌ಲೆಸ್ ಸಾಕಾಗುತ್ತದೆಯೇ, ಹಾರ್ಡ್‌ಟೇಲ್ ಕೊಳ್ಳಲೇಬೇಕೇ? ಸಾಕೆನ್ನುವವರು, ಎಷ್ಟು ಭಾರಕ್ಕೆ ಎಷ್ಟು ಗಾಳಿ ಇಟ್ಟಿದ್ದಿರಿ ಎಂಬುದನ್ನೂ ಬರೆಯಿರಿ.