ಅಡ್ರಿನಲ್ ಗಡ್ಡೆಗೆ ಸೂಜಿ ಹಾಕಿಸಬಹುದಾ?

ಪ್ರಶ್ನೆ:
ಡಾಕ್ಟರೇ, ನಮಸ್ಕಾರ. ನನ್ನ ತಮ್ಮನಿಗೆ 34 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾನೆ. ಎರಡು ವರ್ಷದಿಂದ ಆಗಾಗ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಬನಿಯನ್ ಹಿಂಡಿದರೆ ನೀರು ಸುರಿಯುವಷ್ಟು ಬೆವರುತ್ತಾನೆ. ಗೊಬ್ಬರದ ಮೂಟೆ ಎತ್ತಲು ಬಗ್ಗಿದಾಗ ಜಾಸ್ತಿ. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ. ಒಮ್ಮೆ ಆ ಹೊತ್ತಲ್ಲೇ ಬಿ.ಪಿ. ನೋಡಿದರೆ 210/120, ಮಾರನೇ ದಿನ 130/80. ಟೆನ್ಷನ್ ಅಂತ ಪ್ರೊಪ್ರನಲಾಲ್ ಅನ್ನುವ ಎದೆಬಡಿತ ತಗ್ಗಿಸುವ ಮಾತ್ರೆ ಕೊಟ್ಟಿದ್ದಾರೆ. ಈಗ ಹೊಟ್ಟೆನೋವಿಗೆ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ಅಡ್ರಿನಲ್ ಗ್ರಂಥಿಯಲ್ಲಿ 4.5 ಸೆಂ.ಮೀ. ಗಡ್ಡೆ ಕಂಡಿದೆ. ಸೂಜಿ ಹಾಕಿ ಚೂರು ತೆಗೆದು ನೋಡೋಣ ಅಂತಿದ್ದಾರೆ. ಮಾಡಿಸಬಹುದಾ?

ಉತ್ತರ:
ಬೇಡಮ್ಮ, ಈಗಲೇ ಬೇಡ. ಆ ಗಡ್ಡೆ ರಕ್ತಕ್ಕೆ ಏನು ಸುರಿಯುತ್ತಿದೆ ಅಂತ ಮೊದಲು ಗೊತ್ತಾಗಬೇಕು.

ಅಡ್ರಿನಲ್ ಅಂದರೆ ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿ. ತೂಕ ನಾಲ್ಕೈದು ಗ್ರಾಂ ಅಷ್ಟೇ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತಾರಲ್ಲ, ಹಾಗೆ. ಅದರ ಒಳತಿರುಳು ಅಡ್ರಿನಲಿನ್ ತಯಾರಿಸುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ಅದಕ್ಕೆ ಫಿಯೋಕ್ರೋಮೋಸೈಟೋಮಾ ಅನ್ನುತ್ತೇವೆ. ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಬಂದು ಹೋಗುವುದು ಅದರ ಗುರುತು. ಬಗ್ಗಿದಾಗ ಗಡ್ಡೆ ಒತ್ತಿಕೊಂಡು ಹಾರ್ಮೋನು ಒಮ್ಮೆಲೇ ರಕ್ತಕ್ಕೆ ಇಳಿಯಬಹುದು. ಮೂಟೆಯ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು. ಬರೀ ಬಗ್ಗಿದ್ದಕ್ಕೇ ಹೀಗಾದರೆ, ಸೂಜಿ ಚುಚ್ಚಿದರೆ ಇನ್ನೇನಾದೀತು? ಬಿ.ಪಿ. ಜೀವಕ್ಕೇ ಅಪಾಯವಾಗುವಷ್ಟು ಏರಬಹುದು.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಪ್ರೊಪ್ರನಲಾಲ್ ವಿಷಯ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಈ ಗಡ್ಡೆ ಇದ್ದಾಗ ಆ ಮಾತ್ರೆಯೊಂದನ್ನೇ ಕೊಟ್ಟರೆ ರಕ್ತನಾಳ ಮತ್ತಷ್ಟು ಬಿಗಿದುಕೊಂಡು ಬಿ.ಪಿ. ಏರಬಹುದು. ಮೊದಲು ಆಲ್ಫಾ ಬ್ಲಾಕರ್ ಕೊಟ್ಟು ನಾಳಗಳನ್ನು ಸಡಿಲಿಸಬೇಕು. ಎದೆಬಡಿತದ ಮಾತ್ರೆ ಬೇಕಿದ್ದರೆ ಆಮೇಲೆ. ಗಡ್ಡೆ ತೆಗೆಯುವ ಆಪರೇಷನ್‌ಗೂ ಮುಂಚೆ ಸುಮಾರು 7ರಿಂದ 14 ದಿನ ಹೀಗೆ ತಯಾರಿ ನಡೆಯುತ್ತದೆ. ಆಗ ನೀರು, ಉಪ್ಪು ಜಾಸ್ತಿ ಕೊಡುತ್ತೇವೆ. ಬಿ.ಪಿ. ಇರುವವನಿಗೆ ಉಪ್ಪಾ ಅಂತ ಮನೆಯವರು ಗಾಬರಿಯಾಗುತ್ತಾರೆ. ಇಷ್ಟು ದಿನ ಬಿಗಿದಿದ್ದ ನಾಳ ಸಡಿಲವಾದಾಗ ಅದನ್ನು ತುಂಬಲು ದ್ರವ ಬೇಕಲ್ವಾ, ಅದಕ್ಕೆ.

ಈಗ ಮಾಡಿಸಬೇಕಾದ್ದು ಮೆಟಾನೆಫ್ರಿನ್, ಅಂದರೆ ಅಡ್ರಿನಲಿನ್ ಒಡೆದು ಆಗುವ ವಸ್ತುವಿನ ಪರೀಕ್ಷೆ. ರಕ್ತದಲ್ಲೂ ಆಗುತ್ತದೆ, 24 ಗಂಟೆಯ ಮೂತ್ರದಲ್ಲೂ ಆಗುತ್ತದೆ. ಜೊತೆಗೆ ಅಡ್ರಿನಲ್‌ನ ಬೇರೆ ಹಾರ್ಮೋನುಗಳಾದ ಕಾರ್ಟಿಸಾಲ್, ಆಲ್ಡೋಸ್ಟಿರೋನ್ ಕೂಡ ನೋಡಲಿ. ಫಿಯೋ ಅಂತ ಖಚಿತವಾದರೆ ಜೀನ್ ಪರೀಕ್ಷೆಯ ಬಗ್ಗೆಯೂ ಕೇಳಿ. ಮೂರರಲ್ಲಿ ಒಬ್ಬರಿಗಾದರೂ ಇದು ವಂಶದಿಂದ ಬಂದಿರುತ್ತದೆ. ಹಾಗಿದ್ದರೆ ಅಕ್ಕನಾದ ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು:
ಮೇಡಂ, ನಮ್ಮ ತಂದೆಗೆ ಕಿಡ್ನಿಯಲ್ಲೇ 7 ಸೆಂ.ಮೀ. ಗಡ್ಡೆ. ಹಿಮೋಗ್ಲೋಬಿನ್ 18.6 ಇದೆ. ಲಿವರ್ ರಿಪೋರ್ಟ್ ಕೂಡ ಏರುಪೇರು. ಲಿವರ್‌ಗೂ ಹಬ್ಬಿದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ.

ಉತ್ತರ:
ರಕ್ತದ ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ಹಾಗೆ ಹೇಳಲು ಬರುವುದಿಲ್ಲ. ಕಿಡ್ನಿ ಬರೀ ಮೂತ್ರ ಸೋಸುವ ಜರಡಿಯಲ್ಲ, ಅದೂ ಹಾರ್ಮೋನು ತಯಾರಿಸುತ್ತದೆ. ಎರಿತ್ರೋಪೊಯಿಟಿನ್ ಅನ್ನುವ ಹಾರ್ಮೋನು ಹೆಚ್ಚಾದರೆ ಕೆಂಪು ರಕ್ತಕಣ ಹೆಚ್ಚುತ್ತವೆ, ಹಿಮೋಗ್ಲೋಬಿನ್ ಕೂಡ ಹೀಗೆ ಏರುತ್ತದೆ. ಕೆಲವು ಕಿಡ್ನಿ ಗಡ್ಡೆಗಳು ಅದನ್ನೇ ಸುರಿಯುತ್ತವೆ. ಹಾಗಂತ ಕಿಡ್ನಿ ಕ್ಯಾನ್ಸರ್‌ನಲ್ಲಿ ರಕ್ತ ಕಡಿಮೆಯಾಗುವವರೇ ಜಾಸ್ತಿ. ಕೆಲವರಲ್ಲಿ ಕ್ಯಾಲ್ಸಿಯಂ ಏರಿ ಮಂಕು, ಮಲಬದ್ಧತೆ, ತಡೆಯಲಾಗದ ಬಾಯಾರಿಕೆ ಬರುತ್ತದೆ. ಅದನ್ನೂ ಒಮ್ಮೆ ನೋಡಿಸಿ.

ಲಿವರ್‌ಗೆ ಹಬ್ಬದೆಯೂ ಲಿವರ್ ರಿಪೋರ್ಟ್ ಕೆಡಬಹುದು. 1961ರಲ್ಲಿ ಸ್ಟಾಫರ್ ಅನ್ನುವ ವೈದ್ಯರು ಇದನ್ನು ವಿವರಿಸಿದರು, ಅವರ ಹೆಸರಲ್ಲೇ ಈಗಲೂ ಕರೆಯುತ್ತೇವೆ. ಗಡ್ಡೆ ತೆಗೆದ ಮೇಲೆ ಎಷ್ಟೋ ಜನರಲ್ಲಿ ಆ ಅಂಕಿಗಳು ತಾವಾಗಿಯೇ ಇಳಿಯುತ್ತವೆ. ಹಬ್ಬಿದೆಯೋ ಇಲ್ಲವೋ ಅನ್ನುವುದನ್ನು ಸಿ.ಟಿ. ಸ್ಕ್ಯಾನ್ ಹೇಳಲಿ. ಅಲ್ಲಿಯವರೆಗೆ ತಂದೆಯ ಮುಂದೆ ಆ ಮಾತು ಆಡಬೇಡಿ.

ಮೊದಲ ಸದಸ್ಯೆ:
ಸೂಜಿ ಬೇಡ ಅಂತ ಹೇಳಿದೆವು ಮೇಡಂ, ಆ ಮಾತ್ರೆಯ ವಿಷಯವನ್ನೂ ಕೇಳಿದೆವು. ಲ್ಯಾಬ್‌ನವರು ಮೂತ್ರಕ್ಕೆ ದೊಡ್ಡ ಕ್ಯಾನ್ ಕೊಟ್ಟಿದ್ದಾರೆ, ತಳದಲ್ಲಿ ಏನೋ ನೀರಿನಂಥದ್ದಿದೆ. ತೊಳೆದುಬಿಡಲಾ?

ಉತ್ತರ:
ತೊಳೆಯಬೇಡಿ, ಅದು ಆಸಿಡ್. ಹಾರ್ಮೋನು ಕೆಡದಂತೆ ಹಾಕಿರುತ್ತಾರೆ. ಕೈಗೆ ತಾಗಿಸಿಕೊಳ್ಳಬೇಡಿ, ನೇರ ಅದರೊಳಗೆ ಮೂತ್ರ ಮಾಡುವುದೂ ಬೇಡ. ಬೇರೆ ಮಗ್‌ನಲ್ಲಿ ಹಿಡಿದು ನಿಧಾನವಾಗಿ ಸುರಿಯಲಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಆ ಮೊದಲ ಮೂತ್ರ ಬಿಟ್ಟುಬಿಡಿ. ಅಲ್ಲಿಂದ ಮಾರನೇ ದಿನ ಬೆಳಿಗ್ಗೆ ಆರರವರೆಗಿನ ಎಲ್ಲವನ್ನೂ, ಕೊನೆಯದನ್ನೂ ಸೇರಿಸಿ, ಹಿಡಿಯಿರಿ. ಮೂಟೆ ಎತ್ತುವ ಕೆಲಸ ಸದ್ಯಕ್ಕೆ ಬೇರೆಯವರು ಮಾಡಲಿ.