ಫ್ಲೆಕ್ಸ್ ಪ್ರಿಂಟಿಗೆ ಹೋಗೋಕ್ ಮುಂಚೆ ಒಂದ್ ಮಾತು

ಎಲ್ರಿಗೂ ನಮಸ್ಕಾರ ಕಣ್ರಪ್ಪ. ಕನ್ನಡಕ ಎಲ್ಲಿಟ್ಟಿದೀನೋ ಸಿಗ್ತಿಲ್ಲ, ಅದ್ಕೆ ಮೈಕ್ ಒತ್ಕೊಂಡು ಮಾತಾಡ್ತಿದೀನಿ, ಫೋನೇ ಟೈಪ್ ಮಾಡ್ಕೊಳ್ತಿದೆ, ಅಲ್ಲಲ್ಲಿ ಏನೇನೋ ಬಂದಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕೊಳಿ. ನಮ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಹೋದ್ರು ಅನ್ನೋ ಸುದ್ದಿ ನಮ್ ಕ್ಲಾಸಿನೋರ ಗ್ರೂಪಲ್ಲಿ ನೋಡಿ ಎರಡು ದಿನ ಏನೂ ಬರೆಯೋಕಾಗ್ಲಿಲ್ಲ ನಂಗೆ. ಭಾನುವಾರದ ನುಡಿನಮನಕ್ಕೆ ಎಲ್ರೂ ಒಂದೊಂದು ನೆನಪು ಕಳ್ಸಿ ಅಂದಿದ್ರಿ, ಎಲ್ಲಾರ್ದೂ ಓದ್ದೆ, ಫ್ಲೆಕ್ಸ್ ಡಿಸೈನೂ ನೋಡ್ದೆ. ಬೇಜಾರ್ ಮಾಡ್ಕೋಬೇಡಿ, ಮೇಷ್ಟ್ರ ಫೋಟೊ ಪಕ್ಕ ಕೆಂಪು ನೀಲಿ ರೆಕ್ಕೆಯ ದೊಡ್ಡ ಗಿಳಿ ಹಾಕ್ಸಿದೀರಲ್ಲ, ಅದು ಮಕಾವ್ ಕಣ್ರೋ, ದಕ್ಷಿಣ ಅಮೆರಿಕದ ಕಾಡಿಂದು. ನಮ್ ಹೊಳೆ ದಂಡೆ ಮೇಷ್ಟ್ರ ಪಕ್ಕ ಅದ್ಯಾಕೆ ಬಂದು ಕೂತ್ಕೊಂಡಿದೆ?

ಇನ್ನೊಂದು, 'ಪ್ರಾಣಿ ಪಕ್ಷಿಗಳ ಆರಾಧಕರು' ಅಂತ ದಪ್ಪಕ್ಷರದಲ್ಲಿ ಬರ್ಸಿದೀರ, ನಿನ್ನೆ ಒಬ್ರು, ಸರ್ ಒಂದ್ ಇರುವೆನೂ ತುಳೀತಿರ್ಲಿಲ್ಲ, ಎಲ್ಲಾ ಪ್ರಾಣೀನೂ ಮಕ್ಕಳ ಥರ ನೋಡೋರು ಅಂತ ಬರ್ದಿದ್ರು. ಯಾವ್ ಮೇಷ್ಟ್ರಪ್ಪ ಅವ್ರು? ನಮ್ ಮೇಷ್ಟ್ರಿಗೆ ನಾಯಿ ಅಂದ್ರೆ ಜೀವ ಬಾಯಿಗೆ ಬರೋದು! ಮರ್ತೋಯ್ತಾ? ಬಿರುಬಿಸ್ಲಲ್ಲೂ ಆ ಕರೀ ಛತ್ರಿ ಹಿಡ್ಕೊಂಡು ಬರ್ತಿದ್ದಿದ್ದು ಬಿಸ್ಲಿಗಲ್ಲ, ಅಕ್ಕಸಾಲಿಗರ ಬೀದಿ ನಾಯಿಗಳಿಗೆ. ಒಂದ್ ನಾಯಿ ಬೊಗಳಿದ್ರೆ ಸಾಕು, ಬೀದಿ ಬಿಟ್ಟು ಗದ್ದೆ ಬದುವಲ್ಲಿ ಸುತ್ಕೊಂಡ್ ಬರೋರು. ಅದೇ ಮನುಷ್ಯ ನೀರುನಾಯಿ ನೋಡ್ಬೇಕು ಅಂತ ನಸುಕಲ್ಲೆದ್ದು ಕಾವೇರಿ ದಂಡೇಲಿ ಬಂಡೆ ಮರೆಗೆ ಕೂತ್ಕೊಳೋರು. ಮೀನ್ಸಾರು ಅಂದ್ರೆ ಎರಡು ಮುದ್ದೆ ಜಾಸ್ತಿ ಇಳೀತಿತ್ತು ಅಂತ ಅವ್ರ ಮನೆಯೋರೇ ಹೇಳ್ತಿದ್ರು. ಆರಾಧನೆ ಗೀರಾಧನೆ ಏನಿರ್ಲಿಲ್ಲ ಕಣ್ರೋ ಅವ್ರಿಗೆ. ನೋಡಿದ್ದನ್ನ ನೋಡಿದಂಗೆ ಬರೀಬೇಕು, ಅಷ್ಟೇ ಅವ್ರ ಹಟ.

ಆ ನೋಟ್‌ಬುಕ್ ನೆನಪಿದ್ಯಲ್ಲ, ನೂರು ಪೇಜಿಂದು, ಭಾನುವಾರ ನೋಡಿದ್ದನ್ನ ಬರ್ದು ಸೋಮವಾರ ತೋರಿಸ್ಬೇಕಿತ್ತು. ಯಾವತ್ತು, ಎಷ್ಟೊತ್ತಲ್ಲಿ, ಎಲ್ಲಿ, ಎಷ್ಟಿತ್ತು, ಏನ್ ಮಾಡ್ತಿತ್ತು. ನಾನು ಮೊದಲ್ನೇ ವಾರ 'ಹೊಳೆ ಹತ್ರ ಸುಂದರವಾದ ಬೆಳ್ಳಕ್ಕಿಗಳು' ಅಂತ ಬರ್ದೆ, ಸುಂದರ ಅನ್ನೋದಕ್ಕೆ ಕೆಂಪಿಂಕಲ್ಲಿ ಗೀಟು ಹೊಡ್ದ್ರು. "ಸುಂದರ ನಿನ್ ತಲೇಲಿರೋದು ಕಣಮ್ಮ, ಹಕ್ಕೀದು ಕಾಲು ಕಪ್ಪಿತ್ತೋ ಹಳ್ದಿ ಇತ್ತೋ ಅದನ್ನ ಬರಿ" ಅಂದ್ರು. ಮನೇಗ್ ಹೋಗಿ ಅತ್ತಿದ್ದೆ. ಮುಂದಿನ ಭಾನುವಾರ ಹೋಗಿ ಕಾಲೇ ನೋಡಿದ್ದು, ನೋಡುದ್ರೆ ಒಂದಕ್ಕೆ ಕಪ್ಪು ಕಾಲು ಹಳ್ದಿ ಪಾದ, ಕಾಲುಚೀಲ ಹಾಕ್ಕೊಂಡಂಗೆ! ಅದು ಬೇರೆ ಜಾತಿ ಬೆಳ್ಳಕ್ಕಿ ಅಂತ ಆಮೇಲ್ ಗೊತ್ತಾಯ್ತು, ಅಲ್ಲೀವರ್ಗೂ ಬೆಳ್ಳಗಿರೋದೆಲ್ಲ ಒಂದೇ ಅಂದ್ಕೊಂಡಿದ್ದೆ.

ಈಗ ನಾನ್ ಹೇಳ್ಬೇಕು ಅಂದ್ಕೊಂಡಿದ್ದ ವಿಷ್ಯಕ್ಕೆ ಬರ್ತೀನಿ, ಇದು ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಅನ್ಸುತ್ತೆ. ನಾವು ಎಂಟನೇ ಕ್ಲಾಸು, 1985, ಅಕ್ಟೋಬರ್ ತಿಂಗ್ಳು, ದಸರಾ ರಜ. ನಮ್ ಹಿತ್ತಲಲ್ಲಿ ಬಚ್ಚಲು ನೀರು ಹೋಗೋ ಕಡೆ ಬಾಳೆಗಿಡ ಇದ್ವಲ್ಲ, ಅದ್ರ ಬುಡದಲ್ಲಿ ಸಂಜೆ ಹೊತ್ತು ಒಂದ್ ಹಕ್ಕಿ ತರಗೆಲೆ ಕೆದಕ್ತಾ ಕುಪ್ಪಳಿಸ್ತಿತ್ತು. ಹಸ್ರು ಬೆನ್ನು, ಭುಜದತ್ರ ನೀಲಿ ತೇಪೆ, ಕಣ್ಣಿಗೆ ಕಾಡಿಗೆ ಎಳ್ದಂಗೆ ಕಪ್ಪು ಪಟ್ಟಿ, ಬಾಲದ ಕೆಳ್ಗೆ ಕುಂಕುಮ ಮೆತ್ತಿದಂಗೆ ಕೆಂಪು, ಬಾಲ ಮಾತ್ರ ಮೋಟು, ಯಾರೋ ಕತ್ರಿಸಿ ಬಿಟ್ಟಂಗೆ. ಬಟ್ಟೆ ತಗೊಂಡ್ ಬರೋಕೆ ಹೋದೋಳು ಬಕೆಟ್ ಹಿಡ್ಕೊಂಡು ಹಂಗೇ ನಿಂತ್ಬಿಟ್ಟೆ, ಅಮ್ಮ ಒಳಗಿಂದ ಕೂಗಿ ಕೂಗಿ ಸಾಕಾದ್ರು. ಎಲ್ಲಾನೂ ಬರ್ದೆ, ಗಂಟೆ ಸಮೇತ. ಸೋಮವಾರ ತೋರ್ಸಿದ್ರೆ ಮೇಷ್ಟ್ರು ಓದಿ, ನೀನು ಮಿಂಚುಳ್ಳಿ ನೋಡಿ ಬಣ್ಣ ಸೇರ್ಸಿದೀಯ ಅಂದ್ರು. ಇಲ್ಲ ಸಾರ್ ನೆಲದ ಮೇಲಿತ್ತು, ಕೊಕ್ಕು ಗಿಡ್ಡ ಇತ್ತು ಅಂದೆ. ಕೇಳ್ಲಿಲ್ಲ. ಪೇಜಿಗೆ ಅಡ್ಡ ಗೀಟು ಎಳ್ದು 'ಕಲ್ಪನೆ' ಅಂತ ಬರ್ದ್ರು, ಹಿಂದಿನ ಬೆಂಚಿನೋರು ನಕ್ರು, ಯಾರ್ಯಾರು ಅಂತ ನೆನಪಿದೆ ನಂಗೆ, ಈ ಗ್ರೂಪಲ್ಲೇ ಇದೀರ.

ಅಲ್ಲಿಂದ ಒಂದ್ ವರ್ಷ ನಾನು ಆ ಬುಕ್ಕಲ್ಲಿ ಬರೀ ಕಾಗೆ ಲೆಕ್ಕ ಬರ್ದೆ. ಬೇಕಂತಲೇ. ಪ್ರತಿ ವಾರ ಕಾಗೆ, ಇಪ್ಪತ್ತೆರಡು ಕಾಗೆ, ಮೂವತ್ತು ಕಾಗೆ. ಅವ್ರೂ ಒಂದ್ ಮಾತಾಡ್ದೇ ಸೈನ್ ಹಾಕೋರು, ಎಂಥಾ ಜಿದ್ದು ನೋಡಿ ಇಬ್ರಿಗೂ.

ಮುಂದಿನ ವರ್ಷ ಅದೇ ಅಕ್ಟೋಬರು. ದೀಪ ಹಚ್ಚೋ ಹೊತ್ತು, ಬೀದೀಲಿ ನಾಯಿಗಳೆಲ್ಲ ಒಟ್ಟಿಗೆ ಬೊಗಳ್ತಿವೆ, ಅಪ್ಪ ಜಗುಲೀಲಿ ಕೂತವ್ರೆ, ನೋಡುದ್ರೆ ಮೇಷ್ಟ್ರು! ಛತ್ರೀನ ಕತ್ತಿ ಥರ ಮುಂದಕ್ಕೆ ಚಾಚ್ಕೊಂಡು, ಪಂಚೆ ಮೊಣಕಾಲ್ ತನಕ ಎತ್ಕೊಂಡು, ಹಣೆ ತುಂಬಾ ಬೆವ್ರು. ಗದ್ದೆ ದಾರೀಲಿ ಕತ್ಲೆ ಅಂತ ಬೀದೀಲೇ ಬಂದಿದ್ರು. ನಂಗೆ ಎದೆ ಡವಡವ, ಕಿರುಪರೀಕ್ಷೇಲಿ ಮಾರ್ಕ್ಸ್ ಕಮ್ಮಿ ಬಂದಿತ್ತು, ಅದನ್ನೇ ಹೇಳೋಕ್ ಬಂದವ್ರೆ ಅಂತ ಬಾಗ್ಲ ಹಿಂದೆ ನಿಂತ್ಕೊಂಡೆ. ಅಪ್ಪ ಚಾಪೆ ಹಾಸಿದ್ರೂ ಕೂರ್ಲಿಲ್ಲ ಅವ್ರು. "ನಿಮ್ ಮಗಳ ಹೋದ್ವರ್ಷದ ಪುಸ್ತಕ ಇದ್ರೆ ಕೊಡಿಸಿ" ಅಂದ್ರು. ತಂದ್ಕೊಟ್ಟೆ. ಲಾಟೀನ್ ಬೆಳಕಲ್ಲಿ ಆ ಪೇಜ್ ಹುಡ್ಕಿ 'ಕಲ್ಪನೆ' ಅನ್ನೋದನ್ನ ಹೊಡ್ದಾಕಿ, ಪಕ್ಕ 'ನವರಂಗ. ಹುಡುಗಿ ಬರೆದದ್ದು ಸರಿ' ಅಂತ ಬರ್ದು ತಾರೀಖು ಹಾಕಿ ಸೈನ್ ಮಾಡಿದ್ರು. ಅವತ್ತು ಸಂಜೆ ಅವ್ರ ಮನೆ ಹಿತ್ತಲಿಗೇ ಬಂದಿತ್ತಂತೆ ಅದು. ಉತ್ತರದ ಕಡೆ, ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ ಕಡೆಗೆ, ಸಿಂಹಳದ ತನಕ ಬರುತ್ತೆ, ರಾತ್ರಿ ಹಾರಿ ಸುಸ್ತಾದ್ರೆ ಯಾರ ಹಿತ್ತಲಲ್ಲಾದ್ರೂ ಇಳ್ಕೊಳುತ್ತೆ, ಬೆಳಿಗ್ಗೆ ಸಂಜೆ ಆರರ ಹೊತ್ತಿಗೆ ಸಿಳ್ಳೆ ಹಾಕುತ್ತೆ ಅಂತ ನಿಂತ್ಕೊಂಡೇ ಪಾಠ ಮಾಡಿದ್ರು, ಅಪ್ಪಂಗೂ ಸೇರ್ಸಿ. ಅಮ್ಮ ಕಾಫಿ ತರೋಷ್ಟರಲ್ಲಿ ಹೊರಟ್ರು, ಅಪ್ಪ ದೊಣ್ಣೆ ಹಿಡ್ಕೊಂಡು ಬೀದಿ ತುದೀವರ್ಗೂ ಬಿಟ್ಟು ಬಂದ್ರು, ನಾಯಿಗೆ. ಬಂದೋರು "ಮೇಷ್ಟ್ರು ಮನೆ ಬಾಗ್ಲಿಗೆ ಬಂದು ತಪ್ಪಾಯ್ತು ಅಂದಿದ್ದು ನಾನು ಎಲ್ಲೂ ಕೇಳಿಲ್ಲ" ಅಂತ ಎರಡ್ ಸಲ ಹೇಳಿದ್ರು.

ಅದಾದ್ಮೇಲೇ ಮೇಷ್ಟ್ರ ಜೊತೆ ಹಕ್ಕಿ ನೋಡೋಕೆ ಕೊಕ್ಕರೆ ಬೆಳ್ಳೂರಿಗೆ ಮನೇಲಿ ನನ್ನ ಕಳಿಸಿದ್ದು, ಇಲ್ದಿದ್ರೆ ಹೆಣ್ಮಕ್ಕಳು ಅಷ್ಟ್ ದೂರ ಎಲ್ಲಿಗೆ ಅಂತಿದ್ರು. 1987ರ ಫೆಬ್ರವರಿ ಅಲ್ವಾ ಅದು? ಮದ್ದೂರಲ್ಲಿ ಬಸ್ ಬದಲಾಯ್ಸಿ ಹೋಗಿದ್ದು. ಊರೊಳಗೇ ಹುಣಸೆ ಮರದ ತುಂಬಾ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್), ಹೆಂಚಿನ ಮೇಲೆಲ್ಲ ಸುಣ್ಣ ಬಳ್ದಂಗೆ ಹಿಕ್ಕೆ, ಕೊಳೆತ ಮೀನಿನ ವಾಸನೆ, ಯಾರೋ ಒಬ್ಳು ವಾಂತಿ ಮಾಡ್ಕೊಂಡ್ಲು. ಹೆಜ್ಜಾರ್ಲೆ ಮರಿ ತಾಯಿ ಗಂಟಲೊಳಗೆ ತಲೆ ಪೂರ್ತಿ ತೂರ್ಸಿ ಮೀನು ತಿಂತಿದ್ದಿದ್ದು ಈಗ್ಲೂ ಕಣ್ಮುಂದಿದೆ, ನುಂಗಿಬಿಡ್ತಾ ಅಂತ ಕಿರುಚಿದ್ವಿ. ಅಲ್ಲೊಂದ್ ಅಜ್ಜಿ, ಹೆಣ್ಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂಗೆ ಕಣವ್ವ ಇವು, ಇವು ಬರ್ದೇ ಇರೋ ವರ್ಷ ಊರಿಗೇ ಕೇಡು ಅಂದ್ರು. ನಾನು ಬರ್ಕೊಂಡೆ. ಮೇಷ್ಟ್ರು ಬಗ್ಗಿ ನೋಡಿ "ಅಜ್ಜಿ ಹೇಳಿದ್ದು ಅಂತ ಸೇರ್ಸು, ನೀನ್ ನೋಡಿದ್ದಲ್ಲ ಅದು" ಅಂದ್ರು. ಅಲ್ಲೂ ಬಿಡ್ಲಿಲ್ಲ ಪುಣ್ಯಾತ್ಮ. 2007ರಲ್ಲಿ ಆ ಊರನ್ನ ಸಮುದಾಯ ಸಂರಕ್ಷಿತ ಪ್ರದೇಶ ಅಂತ ಮಾಡಿದಾಗ ಅವ್ರೇ ಫೋನ್ ಮಾಡಿ ಹೇಳಿದ್ರು.

ರಂಗನತಿಟ್ಟು ಬಗ್ಗೆ ಎಲ್ರೂ ಬರ್ದಿದೀರ, ಜಾಸ್ತಿ ಹೇಳಲ್ಲ. ಅಲ್ಲಿ ಕಾವೇರಿಗೆ ಅಡ್ಡ ಇರೋ ಕಟ್ಟೆ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು ಗದ್ದೆ ನೀರಿಗೆ, ಹೊಳೆ ನಡುವಿನ ತಿಟ್ಟುಗಳು ತಾವಾಗೇ ಆಗಿದ್ದು, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ಮೇಲೆ ಮಹಾರಾಜ್ರು ಪಕ್ಷಿಧಾಮ ಮಾಡಿದ್ದು, ಇದನ್ನ ಎಷ್ಟ್ ಸಲ ಹೇಳಿರ್ಬೇಕು ಅವ್ರು. 2022ರಲ್ಲಿ ಅದಕ್ಕೆ ರಾಮ್ಸಾರ್ ಪಟ್ಟ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶ ಅನ್ನೋ ಮಾನ್ಯತೆ, ಬಂದಾಗ ನಾನೇ ಫೋನ್ ಮಾಡ್ದೆ, "ಮೊಸಳೆಗಳಿಗೆ ಹೇಳಿದ್ರೇನಮ್ಮ?" ಅಂತ ನಕ್ರು. ಕಿವಿ ಮಂದ ಆಗಿತ್ತು, ಹಕ್ಕಿ ಕೂಗು ಕೇಳ್ಸಲ್ಲ ಅಂದ್ರು, ಆಮೇಲ್ ಮಾತು ಬದಲಾಯ್ಸಿದ್ರು.

ಆ ಪೇಜಿನ ಫೋಟೊ ಕೆಳ್ಗೆ ಹಾಕ್ತಿದೀನಿ, ಮೂಲೆ ಹುಳ ತಿಂದಿದೆ, ಸೈನ್ ಮಾತ್ರ ಚೆನ್ನಾಗ್ ಕಾಣುತ್ತೆ. ಫ್ಲೆಕ್ಸಲ್ಲಿ ಆರಾಧಕರು ಅನ್ನೋದು ತೆಗ್ಸಿ, 'ವಿಜ್ಞಾನದ ಮೇಷ್ಟ್ರು' ಅಂತಷ್ಟೇ ಇರ್ಲಿ. ಆ ಮಕಾವ್ ತೆಗ್ದು ನವರಂಗ ಹಾಕ್ಸಿ. ಪ್ರಿಂಟಿಂಗ್ ಹುಡುಗಂಗೆ ಇಂಡಿಯನ್ ಪಿಟ್ಟಾ ಅಂತ ಹುಡುಕೋಕೆ ಹೇಳಿ, ಬರೀ ನವರಂಗ ಅಂದ್ರೆ ಬೆಂಗ್ಳೂರಿನ ಥಿಯೇಟರ್ ಫೋಟೊ ಹಾಕ್ಬಿಟ್ಟಾನು.